ನರ್ಸ್‌ಬಾಯಿಯ ತುಟಿ, ನನ್ನ ಏಳು ಬಾವಿ

ಉಮರ್ಗಾದಿಂದ ನಿಲಂಗಾದವರೆಗೆ, ಅಲ್ಲಿಂದ ಉದಗೀರದವರೆಗೆ, ಸೂಜಿಗೆ ಅಂಜುವ ಜನರೆಲ್ಲ ಒಪ್ಪಿಕೊಂಡ ಮಾತೊಂದಿದೆ. ಮಹಾರಾಷ್ಟ್ರದ ಗಡಿಯೊಳಗೆ ದಾಳಿಂಬ ಎಂಬ ಊರಿನ ಹತ್ತಿರವಿರುವ ನಮ್ಮೂರ ಸರಕಾರಿ ದವಾಖಾನೆಯ ವಿದ್ಯಾವತಿ ನರ್ಸ್‌ಬಾಯಿ ಸೂಜಿ ಚುಚ್ಚುವುದಿಲ್ಲ. ಸೂಜಿಗೆ "ಹೋಗಿ ಬಾ" ಎನ್ನುತ್ತಾಳೆ, ಅದು ಹೋಗಿ ಬರುತ್ತದೆ.

ಗುಟ್ಟಿರುವುದು ಆಕೆಯ ತುಟಿಯಲ್ಲಿ. ಸೂಜಿ ಹಾಕುವ ಮುಂಚೆ ಆಕೆಯ ತುಟಿ ನಾಲ್ಕೈದು ಸಲ ಅಲುಗುತ್ತದೆ, ದನಿ ಮಾತ್ರ ಹೊರಗೆ ಬರುವುದಿಲ್ಲ. ಅದು ಪಂಚಾಕ್ಷರಿ ಎಂದು ದಿನಕ್ಕೆರಡು ಸಲ ಲಿಂಗಪೂಜೆ ಮಾಡುವ ಹಿರಿಯ ರೈತ ಗುರುಲಿಂಗಪ್ಪನವರು ಹೇಳುತ್ತಾರೆ. ಐದೇ ಅಕ್ಷರ, ಎಣಿಸಿದ್ದಾರಂತೆ. ಬಿಸ್ಮಿಲ್ಲಾ ಎಂದು ಆಟೋದ ಪಾಶಾಭಾಯಿ. ಎರಡು ಬಸ್ಸು ಬದಲಿಸಿ ಉದಗೀರದಿಂದ ಬಂದ ಅಜ್ಜಿಯೊಬ್ಬಳು ಅದು ತುಳಜಾಪುರದ ದೇವಿಯ ಹೆಸರೆಂದು ಆಣೆಯಿಟ್ಟಳು. ಔರಾದ ಶಹಾಜನಿಯ ವ್ಯಾಪಾರಿಯೊಬ್ಬ ಮಂತ್ರೋಪದೇಶ ಬೇಕೆಂದು ತೆಂಗಿನಕಾಯಿ ತಂದಿದ್ದ. ಆಕೆ ಅವನ ಬಿಪಿ ನೋಡಿ, ಉಪ್ಪಿನಕಾಯಿ ಬಿಡು ಎಂದು ಹೇಳಿ ಕಾಯಿ ಸಮೇತ ಕಳಿಸಿದಳು.

ಇದನ್ನೆಲ್ಲ ಕೇಳಿ ನಗುತ್ತಿದ್ದವನು ಊರಿಗೆ ನಾನೊಬ್ಬನೇ. ಯಾಕೆಂದರೆ ನಾನು ಇಲ್ಲಿನ ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸುವ ಗುರೂಜಿ. ಮೂಢನಂಬಿಕೆಯ ಮೇಲೆ ನಾನು ಮಾಡುವ ಭಾಷಣ ನಲವತ್ತು ನಿಮಿಷದ್ದು. ನಡುವೆ ನೀರು ಕುಡಿದರೆ ನಲವತ್ತೆರಡು.

ವಿದ್ಯಾವತಿ ಭಾಲ್ಕಿ ಕಡೆಯ ಹುಡುಗಿ. ಬೀದರಿನಲ್ಲಿ ನರ್ಸಿಂಗ್ ಕಲಿತು, ನಮ್ಮೂರ ಹಿಟ್ಟಿನ ಗಿರಣಿಯ ಅಮರನಾಥನನ್ನು ಮದುವೆಯಾಗಿ ಬಂದು ಹತ್ತೊಂಬತ್ತು ವರ್ಷವಾಯಿತು. ರಜಿಸ್ಟರ್ ಬರೆಯುವುದು ಮರಾಠಿಯಲ್ಲಿ, ಹೆರಿಗೆಯ ಹೆಂಗಸರಿಗೆ ಧೈರ್ಯ ಹೇಳುವುದು ಕನ್ನಡದಲ್ಲಿ, ಗಂಡಸರನ್ನು ಬೈಯುವುದು ಎರಡರಲ್ಲೂ. ಡಾಕ್ಟರು ವಾರದಲ್ಲಿ ಕೆಲವು ದಿನ ಇರುತ್ತಾರೆ. ಆಕೆ ಮತ್ತು ಆಕೆಯ ಸ್ಕೂಟಿ ಎಲ್ಲ ದಿನವೂ ಇರುತ್ತವೆ.

ಒಂದು ಸೋಮವಾರ ಯೆಣೆಗೂರಿನಲ್ಲಿ ಬಸ್ಸಿಳಿದು ಢಾಬಾದಲ್ಲಿ ಚಹಾ ಕುಡಿಯುತ್ತಿದ್ದೆ. ಅಲ್ಲಿನ ನಾಯಿಮರಿಯೊಂದು ನನ್ನ ಮೀನಖಂಡಕ್ಕೆ ಬಾಯಿ ಹಾಕಿತು. ರಕ್ತ ಬರಲಿಲ್ಲ, ಜೋಳದ ಕಾಳಿನಷ್ಟು ಗೀರು. ನಾನು ಹಾಕಿದ ಕೂಗಿಗೆ ಮಾತ್ರ ಹೆದ್ದಾರಿಯಲ್ಲಿ ಎರಡು ಟ್ರ್ಯಾಕ್ಟರ್ ನಿಂತವು.

ನರ್ಸ್‌ಬಾಯಿ ಸಾಬೂನು ಹಚ್ಚಿ ಹದಿನೈದು ನಿಮಿಷ ಕಾಲು ತೊಳೆಸಿದಳು. "ನಾಕು ಸರ್ತಿ ಬರಬೇಕ್ರಿ ಗುರೂಜಿ. ಇವತ್ತು, ಗುರುವಾರ, ಮುಂದಿನ ಸೋಮವಾರ, ಆಮ್ಯಾಲ ಇಪ್ಪತ್ತೆಂಟನೇ ದಿನಕ್ಕ. ಒಂದೂ ತಪ್ಪಂಗಿಲ್ಲ." ಢಾಬಾದವನಿಗೆ ಫೋನು ಹಚ್ಚಿ, ಹತ್ತು ದಿನ ಮರಿಯ ಮೇಲೆ ಕಣ್ಣಿಡಲು ಹೇಳಿದಳು. ಆಮೇಲೆ ತುಟಿ ಅಲುಗಿತು. ನಾನು ಕಣ್ಣು ಮುಚ್ಚಿ "ಅಯ್ಯಯ್ಯೋ" ಎಂದೆ.

ಪಕ್ಕದಲ್ಲಿ ಬಿಪಿ ಗುಳಿಗೆಗೆ ಕೂತಿದ್ದ ಮುದುಕಿ ಬಂಡಮ್ಮ ಹೇಳಿದಳು: "ಗುರೂಜಿ, ಇನ್ನಾ ಸೂಜಿ ಹಚ್ಚಿಲ್ರಿ. ಬರೇ ಹತ್ತಿ ಹಚ್ಯಾಳ."

ಗುರುವಾರವೂ ಅದೇ ನಾಟಕ. ನೋವು ಇರುವೆ ಕಚ್ಚಿದಷ್ಟೂ ಇರಲಿಲ್ಲ. ಆದರೆ ಅಂಜಿಕೆಗೆ ನೋವಿನ ಹಂಗೇಕೆ? ಮುಂದಿನ ಸೋಮವಾರ ಸೂಜಿಗೆಂದು ಅರ್ಧ ದಿನ ರಜೆ ಹಾಕಿ ಹೊರಟವನಿಗೆ ಗುರುಲಿಂಗಪ್ಪನವರು ಎದುರಾದರು.

"ಸೂಜಿ ಯಾಕ್ರಿ ಗುರೂಜಿ? ನಾಯಿ ಕಡದ್ರ ಏಳು ಬಾವಿ ಹಣಕಿ ನೋಡಬೇಕು. ಏಳನೇದ್ರಾಗ ನಿಮ್ಮ ಮಾರಿ ಕಂಡ್ರ ವಿಷ ಇಳೀತು. ನಮ್ಮಪ್ಪಗ ಹಂಗೇ ಇಳದದ."

ನಾನು ವಿಜ್ಞಾನಿಯಂತೆ ನಕ್ಕೆ. ಸೈಕಲ್ಲಿನ ಹ್ಯಾಂಡಲ್ ಮಾತ್ರ ತಾನಾಗಿ ಹೊಲದ ಕಡೆಗೆ ತಿರುಗಿತು.

ದಿಗ್ವಿಜಯಕ್ಕೆ ಹೊರಟ ರಾಜನ ಹಾಗೆ ಬಾವಿಯಿಂದ ಬಾವಿಗೆ ಹೋದೆ. ಮೊದಲನೆಯದರಲ್ಲಿ ನೀರಿತ್ತು, ನನ್ನ ಮುಖವೂ ಇತ್ತು. ಎರಡನೆಯದರಲ್ಲಿ ಆಮೆ. ಮೂರನೆಯದರಲ್ಲಿ ಹಳೆಯ ಪಂಪು. ನಾಲ್ಕನೆಯದನ್ನು ಹಣಕುವಾಗ ಕನ್ನಡಕ ಬಿತ್ತು. ತೊಗರಿ ಹೊಲದ ಹೆಣ್ಣಾಳುಗಳು ಬುಟ್ಟಿ ಇಳಿಬಿಟ್ಟು ತೆಗೆದುಕೊಟ್ಟು, ಗುರೂಜಿ ಜೀವಕ್ಕೇನೂ ಮಾಡಿಕೊಳ್ಳಬಾರದೆಂದು ಬುದ್ಧಿ ಹೇಳಿದರು. ಆರು ಮುಗಿದವು. ಏಳನೆಯದು ಸಿಗಲೇ ಇಲ್ಲ. ಈಗ ಬಾವಿ ತೋಡುವವರು ಯಾರು? ಎಲ್ಲ ಕಡೆ ಬೋರು. ಕೊನೆಗೆ ಸೋಯಾಬೀನ್ ಹೊಲವೊಂದರ ಕೆಟ್ಟುಹೋದ ಬೋರಿನ ಮೇಲಿನ ಕಲ್ಲು ಸರಿಸಿ, ನೆಲದ ಮೇಲೆ ಬೋರಲು ಮಲಗಿ, ಪೈಪಿಗೆ ಒಂದು ಕಣ್ಣು ಹಚ್ಚಿದೆ.

ಹಿಂದೆ ಸ್ಕೂಟಿ ನಿಂತ ಸದ್ದು.

"ಏನು ಕಳಕೊಂಡೀರಿ ಗುರೂಜಿ?"

"ಅಂತರ್ಜಲ ನೋಡ್ಲಿಕತ್ತೀನ್ರಿ ಬಾಯಿ. ಮಕ್ಕಳಿಗಿ ಪಾಠ ಅದ."

"ಎಷ್ಟನೇ ಬಾವಿ ಇದು?"

ನಾನು ಪೈಪಿನೊಳಗೇ ಉತ್ತರಿಸಿದೆ: "ಏಳು."

ಆಕೆ ನಗಲಿಲ್ಲ. ಅದೇ ನನಗೆ ಮೊದಲು ಹೆದರಿಕೆ ಹುಟ್ಟಿಸಿದ್ದು. "ಹನ್ನೊಂದಕ್ಕ ಬರಬೇಕಿತ್ರಿ ನೀವು. ಈಗ ಮೂರು ಆಗ್ಯಾವ. ಢಾಬಾದಂವಾ ಫೋನ್ ಮಾಡಿದ್ದ. ಆ ಮರಿ ನಿನ್ನಿ ಸತ್ತದ."

ಜೋಳದ ಕಾಳಿನಷ್ಟು ಗೀರು ಒಮ್ಮೆಲೇ ತೊಡೆಯವರೆಗೆ ಉರಿಯಿತು. ಹದಿನೆಂಟು ವರ್ಷ ಹಲಗೆಯ ಮೇಲೆ ಬರೆಸಿದ ಪಾಠ ನೆನಪಾಯಿತು: ಈ ರೋಗ ಬಂದ ಮೇಲೆ ಔಷಧವಿಲ್ಲ, ಬರುವ ಮುಂಚೆ ಇದೆ. ಬರೆಸಿದವನು ನಾನೇ, ಓದದವನೂ ನಾನೇ.

"ಬಾಯಿ, ನಾ ಉಳೀತೀನೇನ್ರಿ?"

"ಗಾಡಿ ಮ್ಯಾಲ ಕುಂತ್ರ ಉಳೀತೀರಿ. ಏಳ್ರಿ, ಮಣ್ಣು ಝಾಡಿಸ್ಕೋರಿ."

ಮೂಢನಂಬಿಕೆಯ ವೈರಿಯಾದ ನಾನು ಅಂಗಿಯ ತುಂಬ ಮಣ್ಣು ಮೆತ್ತಿಕೊಂಡು, ನರ್ಸ್‌ಬಾಯಿಯ ಸ್ಕೂಟಿಯ ಹಿಂದೆ ಕೂತು, ಶಾಲೆಯ ಮುಂದಿನಿಂದಲೇ ಮೆರವಣಿಗೆ ಹೋದೆ. ಏಳನೆಯ ವರ್ಗದ ಪ್ರಣಿತಾ ಕಿಟಕಿಯಿಂದ ಕೂಗಿದಳು: "ಗುರೂಜಿ, ಏಳೂ ಸಿಕ್ಕವೇನ್ರಿ?" ಸುದ್ದಿ ಸ್ಕೂಟಿಗಿಂತ ಮುಂಚೆ ಊರು ಸೇರಿತ್ತು. ರಾತ್ರಿ ಮನೆಯಲ್ಲಿ ಹೆಂಡತಿ ಚಂಪಾಬಾಯಿ ಒಂದೇ ಮಾತು ಅಂದಳು: "ಕನ್ನಡಕ ಎರಡನೇ ಸರ್ತಿ ಬಿದ್ರ ನಾ ಬುಟ್ಟಿ ಕೊಡಂಗಿಲ್ಲ."

ಆ ದಿನದ ಸೂಜಿಗೆ ನಾನು ಕೂಗಲಿಲ್ಲ. ಬಂಡಮ್ಮನಿಗೆ ಬೇಸರವಾಯಿತು.

ಇಪ್ಪತ್ತೆಂಟನೆಯ ದಿನ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಎಂಟಕ್ಕೇ ಹೋಗಿ ದವಾಖಾನೆಯ ಬಾಗಿಲು ತೆಗೆಯುವವರೆಗೆ ಕಾದೆ. ಆಕೆ ಚೀಟಿ ನೋಡಿದಳು, ಬಾಟಲಿ ನೋಡಿದಳು, ನನ್ನನ್ನು ನೋಡಿದಳು. ತುಟಿ ಅಲುಗಿತು. ಸೂಜಿ ಹೋಗಿ ಬಂತು. ಮುಗಿಯಿತು, ನಾನು ಉಳಿದೆ. ಎದೆ ತುಂಬಿ ಬಂದು, ನಲವತ್ತೆರಡು ನಿಮಿಷದ ಭಾಷಣವನ್ನು ಅಲ್ಲೇ ಬಿಟ್ಟು ಕೈ ಮುಗಿದೆ.

"ಬಾಯಿ, ಯಾರಿಗೂ ಹೇಳಂಗಿಲ್ಲ. ಅದು ಯಾವ ಮಂತ್ರ?"

"ಮಂತ್ರ ಎಲ್ಲೀದು ತಂದ್ರಿ ಗುರೂಜಿ? ಹೆಸರು, ಔಷಧ, ತಾರೀಖು, ಯಾವ ಕೈ. ನನಗ ಮರವು ಭಾಳ. ಅಂದ್ಕೊಳ್ಳದಿದ್ರ ತಪ್ಪತದ."