ಹೊಸ್ತಿನ ದಿನ ಹಂಚಿದ ಸರ್ಕ್ಯೂಟು

ಮೊನ್ನೆ ನಮ್ಮ ಆಫೀಸಿನ ಕಾರಿಡಾರಿನಲ್ಲಿ ಎಲೆಕ್ಟ್ರಿಷಿಯನ್ ಒಬ್ಬ ಕೂತು ಯುಪಿಎಸ್ ಬೋರ್ಡಿಗೆ ಬೆಸುಗೆ ಹಾಕುತ್ತಿದ್ದ. ಕಾದ ಕಡ್ಡಿಗೆ ರಾಳ ತಾಗಿ ಚುಯ್ ಎಂದು ಹೊಗೆ ಎದ್ದಿತು. ಆ ವಾಸನೆಗೆ ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. ಹೊಗೆಯಿಂದ ನನಗೆ ತೊಂದರೆಯಾಯಿತೇನೋ ಅಂದುಕೊಂಡು ಆತ ಕಿಟಕಿ ತೆಗೆಯಲು ಎದ್ದ. ಬೇಡಪ್ಪಾ, ಇರಲಿ ಬಿಡು ಎಂದೆ. ಕಣ್ಣಲ್ಲಿ ನೀರು ಬಂದಿತ್ತು, ಹೊಗೆಗೇ ಬಂತು ಅಂತ ಅವನು ತಿಳಿದುಕೊಳ್ಳಲಿ…

ನಾನು ಪೇಟೆಂಟ್ ಕಚೇರಿಯಲ್ಲಿ ಪರೀಕ್ಷಕಿ. ಯಾರಾದರೂ ಹೊಸದೊಂದು ಕಂಡುಹಿಡಿದಿದ್ದೇನೆ ಎಂದು ಅರ್ಜಿ ಹಾಕಿದರೆ, ಅದು ನಿಜಕ್ಕೂ ಹೊಸದೇ, ಇದಕ್ಕೆ ಮೊದಲು ಯಾರೂ ಮಾಡಿಲ್ಲವೇ ಎಂದು ಲೋಕವನ್ನೆಲ್ಲ ಜಾಲಾಡಿ ನೋಡುವುದು ನನ್ನ ಕೆಲಸ. ಅದರಲ್ಲೂ ನನ್ನ ಪಾಲಿಗೆ ಬಂದಿರುವುದು ಮೆಮೊರಿ ಚಿಪ್ಪುಗಳು. ಚಿಪ್ಪಿನೊಳಗೆ ತುಂಬಿಟ್ಟ ಮಾಹಿತಿಯನ್ನು ತಂತಿಯ ಮೇಲೆ ಹೊರಗೆ ಕಳಿಸುವ ಸರ್ಕ್ಯೂಟುಗಳು. ಮನೆಯಲ್ಲಿ ಇದರ ಸುದ್ದಿ ಎತ್ತಿದರೆ ಎಲ್ಲರಿಗೂ ಆಕಳಿಕೆ. ಆಕಳಿಸದೆ ಕೇಳುವವರು ಒಬ್ಬರಿದ್ದರು. ಕೇಳುವುದೇನು ಬಂತು, ನನಗೆ ಈ ಹುಚ್ಚು ಹಿಡಿಸಿದವರೇ ಅವರು.

ನಮ್ಮೂರು ಜಾವಳಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಬೇಲಿ, ಬೇಲಿಯಲ್ಲಿ ಒಬ್ಬರು ನುಸುಳುವಷ್ಟು ದಾರಿ. ಮೊದಲು ಕುದುರೆಮುಖದಲ್ಲಿ ಹೈಸ್ಕೂಲಿಗೆ ವಿಜ್ಞಾನ ಕಲಿಸುತ್ತಿದ್ದರು. ಗಣಿ ನಿಂತಿತು, ಮನೆಗಳು ಒಂದೊಂದಾಗಿ ಖಾಲಿಯಾದವು, ಮಕ್ಕಳೇ ಇಲ್ಲದ ಮೇಲೆ ಶಾಲೆ ಯಾಕೆ? ಗಂಡನ ಪಾಲಿಗೆ ಬಂದಿದ್ದ ಚೂರು ಕಾಫಿ ತೋಟ ನೋಡಿಕೊಂಡು ಇರೋಣ ಎಂದು ಇಬ್ಬರೂ ಜಾವಳಿಗೆ ಬಂದರು. ಊರಿಗೆಲ್ಲ ಅವರು ಟೀಚರ್. ಅವರ ಗಂಡನನ್ನು ನಾನು ಮಾವ ಅನ್ನುತ್ತಿದ್ದೆ. ಅವರನ್ನು ಮಾತ್ರ ಅತ್ತೆ ಅನ್ನಲು ಬಾಯಿ ಬರಲಿಲ್ಲ. ಅವರ ಆ ನೋಟದ ಮುಂದೆ ಕಾಫಿ ಪ್ಲಾಂಟರೂ ಹೋಮ್‌ವರ್ಕ್ ಮಾಡದ ಹುಡುಗನಂತೆ ಕೈ ಕಟ್ಟಿ ನಿಲ್ಲುತ್ತಿದ್ದರು.

ಒಮ್ಮೆ ಕುದುರೆಮುಖಕ್ಕೆ ಹೋಗಿಬಂದವರು ಚೀಲವನ್ನೂ ಇಳಿಸದೆ ಮೆಟ್ಟಿಲ ಮೇಲೆ ಕೂತುಬಿಟ್ಟರು. "ಲ್ಯಾಬಿಗೆ ಬಾಗ್ಲೇ ಇಲ್ಲ ಮಾರಾಯ್ತಿ. ಒಳಗೆಲ್ಲ ಗಿಡ ಎದ್ದಿದೆ. ಇಷ್ಟು ವರ್ಷ ಅಲ್ಲಿದ್ದೆ, ಕಲಿಸಿದೆ ಅನ್ನೋಕೆ ಒಂದು ಗುರುತಾದ್ರೂ ಬೇಡ್ವಾ?" ಅಂದರು. ಅವರು ಅಳುವವರಲ್ಲ, ಅವತ್ತೂ ಅಳಲಿಲ್ಲ. ಆದರೆ ಆಮೇಲೆ ಅವರು ಮಾಡಿದ್ದೆಲ್ಲ ಆ ಒಂದು ಗುರುತಿಗಾಗಿ. ತನ್ನ ಹೆಸರು ಹೊತ್ತ ಏನಾದರೊಂದು, ಗಿಡ ಬೆಳೆದು ಮುಚ್ಚಿಹೋಗದಂಥದ್ದು ಉಳಿಯಬೇಕು ಎಂಬ ಆಸೆ ಅವರನ್ನು ಬಿಡಲಿಲ್ಲ.

ಕಾಫಿಯವರಿಗೆ ಮಳೆಯ ಲೆಕ್ಕ ಊಟದಷ್ಟೇ ಮುಖ್ಯ. ತೋಟದ ಕೆಳಗೆ ಬಿದ್ದ ಮಳೆಯೇ ಬೇರೆ, ಗುಡ್ಡದ ತಲೆಯಲ್ಲಿ ಬಿದ್ದದ್ದೇ ಬೇರೆ. ಆಷಾಢದಲ್ಲಿ ದಿನಾ ಗುಡ್ಡ ಹತ್ತುವವರು ಯಾರು? ಟೀಚರ್ ಒಂದು ಪೆಟ್ಟಿಗೆ ಮಾಡಿ ಗುಡ್ಡದ ಮೇಲಿಟ್ಟರು. ಮಳೆಯನ್ನು ಅದೇ ಅಳೆದು ಒಳಗಿನ ಮೆಮೊರಿ ಚಿಪ್ಪಿನಲ್ಲಿ ಇಟ್ಟುಕೊಳ್ಳುತ್ತಿತ್ತು. ಅಲ್ಲಿಂದ ಕಾಫಿ ಗಿಡಗಳ ನಡುವೆ ಉದ್ದದ ತಂತಿ, ಜಗಲಿಯಲ್ಲಿ ಕೂತೇ ಓದಿಕೊಳ್ಳಬಹುದು. ಬಿಸಿಲಿರುವಾಗ ಎಲ್ಲ ಸರಿ. ಮಳೆ ಹಿಡಿದು ತಂತಿ ನೆನೆದರೆ ಮುಗಿಯಿತು, ಸಿಗ್ನಲ್ಲೆಲ್ಲ ಕಲಸುಮೇಲೋಗರ. ಹೊರಗೆ ಕೊಡೆ ಹಿಡಿದರೂ ನೆನೆಸುವ ಮಳೆ, ಮಾವ ಒಳಗೆ ಕನ್ನಡಕ ಏರಿಸಿಕೊಂಡು, "ಇವತ್ತು ಮಳೆಯೇ ಇಲ್ವಂತೆ ಕಣೇ, ಹಪ್ಪಳ ಒಣಗಿಸ್ಬಹುದು" ಎಂದು ಕಿಚಾಯಿಸುತ್ತಿದ್ದರು. ಟೀಚರಿಗೆ ಮೈಯೆಲ್ಲ ಉರಿಯುತ್ತಿತ್ತು.

ದಾರಿ ತೋರಿಸಿದ್ದೂ ಆ ಮಾವನೇ, ಅವರಿಗೇ ಗೊತ್ತಿಲ್ಲದೆ. ಆಚೆ ಗುಡ್ಡದಲ್ಲಿ ಕೆಲಸ ಮಾಡುವವರನ್ನು ಕರೆಯುವಾಗ ಅವರು ಮೊದಲು ಸಣ್ಣಗೆ ಒಂದು "ಕೂ" ಹಾಕುತ್ತಿದ್ದರು. ಅದು ಹೇಗೆ ತಿರುಗಿ ಬಂತು ಅಂತ ಕೇಳಿಸಿಕೊಂಡು, ಮಂಜು ಎಷ್ಟಿದೆ, ಗಾಳಿ ಎತ್ತ ಬೀಸಿದೆ ನೋಡಿ, ಆಮೇಲೆ ಮೊದಲ ಅಕ್ಷರವನ್ನು ಒತ್ತಿ ಕೂಗುವುದು. ನಮ್ಮ ಕಡೆ ಎಲ್ಲರೂ ಮಾಡುವುದೇ ಇದು, ಯಾರೂ ಅದನ್ನೊಂದು ವಿಷಯ ಅಂದುಕೊಂಡಿಲ್ಲ. ಟೀಚರ್ ಒಂದು ದಿನ ಕಾಫಿ ಲೋಟ ಕೈಯಲ್ಲೇ ಇಟ್ಟುಕೊಂಡು ನಿಂತುಬಿಟ್ಟರು. "ಅಲ್ಲ ಕಣೆ, ಇವ್ರು ಎಷ್ಟು ಜೋರು ಬೇಕೋ ವಿಚಾರಿಸ್ಕೊಂಡು ಕೂಗ್ತಾರೆ. ನನ್ನ ಚಿಪ್ಪು ಯಾಕೆ ಒಂದೇ ಸಮ ಅರಚ್ತಾ ಇದೆ?"

ಸಿಗ್ನಲ್ ಬದಲಾಗುವ ಗಳಿಗೆಯಲ್ಲಿ ಒತ್ತಿ, ಅಂದರೆ ಉಳಿದದ್ದಕ್ಕಿಂತ ಜೋರಾಗಿ, ಕಳಿಸುವುದು ಹಳೆಯ ವಿದ್ಯೆ, ಅದು ಅವರಿಗೂ ಗೊತ್ತಿತ್ತು. ಕಳಿಸುವ ಮೊದಲು ತಂತಿಯ ಮೇಲೆ ಒಂದು ಸಣ್ಣ ಸಿಗ್ನಲ್ ಬಿಟ್ಟು, ತಂತಿ ಎಷ್ಟು ನೆನೆದಿದೆ ಎಂದು ತಿಳಿದು, ಅದಕ್ಕೆ ತಕ್ಕಷ್ಟೇ ಒತ್ತುವ ಸರ್ಕ್ಯೂಟನ್ನು ಚಿಪ್ಪಿನ ಬಾಯಲ್ಲೇ ಕೂರಿಸಿದ್ದು ಅವರದು. ನಾನಾಗ ಚಿಕ್ಕಮಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೆ. ರಜೆ ಬಂದರೆ ರಕ್ತ ಹೀರುವ ಇಂಬಳ ಕಚ್ಚಿಸಿಕೊಂಡು ಗುಡ್ಡದ ಮೇಲೆ ನಿಲ್ಲುವ ಕೆಲಸ ನನ್ನದು. ಅವರ ಅಡುಗೆಮನೆಯ ಪಕ್ಕದ ಕೋಣೆ ಸದಾ ರಾಳದ ಹೊಗೆಯಲ್ಲಿ ಮುಳುಗಿರುತ್ತಿತ್ತು. ಆ ಮಳೆಗಾಲದಲ್ಲಿ ಗುಡ್ಡದ ಮಳೆಯ ಲೆಕ್ಕ ಒಂದು ಅಂಕಿಯೂ ತಪ್ಪದೆ ಮನೆಗೆ ಬಂತು. ಮಾವ ಹಪ್ಪಳದ ಮಾತು ನಿಲ್ಲಿಸಿದರು.

ಆಮೇಲೆ ಬಂದದ್ದು ಹೊಸ್ತು. ಗದ್ದೆಯ ಹೊಸ ಅಕ್ಕಿಯ ಮೊದಲ ಊಟ. ಹೊಸತನ್ನು ಒಬ್ಬರೇ ಉಣ್ಣುವಂತಿಲ್ಲ. ಅಕ್ಕಪಕ್ಕದವರನ್ನು ಕರೆದು, ಎಲೆಯ ಮುಂದೆ ಕೂತು, "ಹೊಸ್ತು ಉಣ್ತೀನಿ" ಎಂದು ಹಿರಿಯರ ಅಪ್ಪಣೆ ಕೇಳಿ, ಅವರು "ಉಣ್ಣು" ಅಂದ ಮೇಲೆ ತುತ್ತೆತ್ತುವುದು. ಅವತ್ತು ಊಟವಾದ ಮೇಲೆ ಟೀಚರ್ ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿ ಸರ್ಕ್ಯೂಟು ತೋರಿಸಿದರು. ಹಾಳೆಯ ಮೇಲೆ ಬರೆದು ಜೆರಾಕ್ಸ್ ಮಾಡಿಸಿದ್ದ ಚಿತ್ರವನ್ನು ಎಲೆ ಅಡಿಕೆಯ ಜೊತೆ ಬಂದವರಿಗೆಲ್ಲ ಕೊಟ್ಟರು. ಅವರ ಮುಖ ಅವತ್ತು ಹೇಗಿತ್ತು ಅಂತೀರಿ… ಮದುವೆ ಮನೆಯ ಯಜಮಾನಿಯ ಹಾಗೆ. ವಸ್ತಾರೆ ಕಡೆಯ ನೆಂಟರೊಬ್ಬರೂ ಒಂದು ಪ್ರತಿ ತೆಗೆದುಕೊಂಡು ಹೋಗಿ ತಮ್ಮ ತೋಟದಲ್ಲಿ ಮಾಡಿಸಿಕೊಂಡರು.

ಪೇಟೆಂಟ್ ಎಂಬ ಯೋಚನೆ ಬಂದದ್ದು ಅದಾಗಿ ಇನ್ನೊಂದು ಮಳೆಗಾಲ ಕಳೆದ ಮೇಲೆ. ಅರ್ಜಿಯನ್ನು ತಾವೇ ಬರೆದರು, ಯಾರಿಗೂ ತೋರಿಸಲಿಲ್ಲ. ಎಷ್ಟು ಚೆನ್ನಾಗಿ ಬರೆದಿದ್ದರು ಅಂದರೆ, ಇವತ್ತು ದೊಡ್ಡ ದೊಡ್ಡ ಕಂಪನಿಗಳ ಅರ್ಜಿ ಓದುವ ನಾನು ಹೇಳುತ್ತೇನೆ, ಅಷ್ಟು ಸ್ವಚ್ಛವಾಗಿ ಬರೆಯುವವರು ಅಪರೂಪ. ಆದರೆ ಕೊನೆಯಲ್ಲಿ, ಇದು ಕೆಲಸ ಮಾಡುತ್ತದೆ ಎಂಬುದಕ್ಕೆ ಸಾಕ್ಷಿಯಾಗಿ, ಹೆಮ್ಮೆಯಿಂದ ಒಂದು ಮಾತು ಸೇರಿಸಿದ್ದರು. ಹಿಂದಿನ ವರ್ಷದ ಹೊಸ್ತಿನ ದಿನವೇ ಇದರ ಚಿತ್ರವನ್ನು ಊರವರಿಗೆಲ್ಲ ಹಂಚಿದ್ದೇನೆ, ಸುತ್ತಲಿನ ತೋಟಗಳಲ್ಲಿ ಇದು ಚೆನ್ನಾಗಿ ನಡೆಯುತ್ತಿದೆ ಅಂತ.

ಅಯ್ಯೋ ದೇವರೇ! ನಮ್ಮೂರವರಲ್ಲದೆ ಬೇರೆ ಯಾರು ಹಾಗೆ ಬರೆದಾರು? ಅರ್ಜಿ ಹಾಕುವ ಮೊದಲೇ ಹತ್ತು ಜನಕ್ಕೆ ಕೊಟ್ಟ ವಸ್ತು ಕಾನೂನಿನ ಕಣ್ಣಿಗೆ ಹೊಸದಲ್ಲ, ಕೊಟ್ಟವರು ಅದನ್ನು ಹುಟ್ಟಿಸಿದವರೇ ಆದರೂ. ಪರೀಕ್ಷಕರ ವರದಿ ಬಂತು. ಸರ್ಕ್ಯೂಟಿನ ಬಗ್ಗೆ ತಕರಾರಿಲ್ಲ. ತಕರಾರೆಲ್ಲ ಆ ಒಂದು ಮಾತಿನದೇ.

ಬೆಂಗಳೂರಿನ ವಕೀಲರೊಬ್ಬರನ್ನು ಕೇಳಿದಾಗ ಅವರು ಒಂದು ದಾರಿ ಹೇಳಿದರು. ಅವತ್ತು ಬಂದಿದ್ದವರೆಲ್ಲ, 'ಇದು ಗುಟ್ಟು, ಹೊರಗೆ ಹೇಳಬೇಡಿ ಎಂದೇ ಟೀಚರ್ ನಮಗೆ ಕೊಟ್ಟಿದ್ದು' ಎಂದು ಪ್ರಮಾಣಪತ್ರ ಕೊಟ್ಟರೆ ಅರ್ಜಿ ಉಳಿಯಬಹುದು. ಸುದ್ದಿ ಕೇಳಿ ಊರವರು ತಾವಾಗೇ ಬಂದರು. "ಅದಕ್ಕೆಂತ ಟೀಚರೇ, ಸೈನ್ ಹಾಕ್ತೀವಿ ಬಿಡಿ. ನಿಮಗೋಸ್ಕರ ಇಷ್ಟೂ ಮಾಡ್ಬಾರ್ದಾ?" ಅಂದರು. ಮಾವನೂ ಹಾಕಿಸು ಅಂದರು. ನಾನಂತೂ ಜಗಳವನ್ನೇ ಮಾಡಿದೆ. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡ್ಕೋತೀರಲ್ಲ ಎಂದು ಕೂಗಾಡಿದೆ. ಟೀಚರ್ ಎರಡು ದಿನ ತೋಟದಲ್ಲೇ ಕಳೆದರು. ಅವರಿಗೆ ಅದು ಬೇಕಿತ್ತು, ತುಂಬಾ ಬೇಕಿತ್ತು, ನನಗೆ ಗೊತ್ತು. ಕೊನೆಗೆ ಬೇಲಿಯ ಹತ್ತಿರ ನನ್ನನ್ನು ಕರೆದು ಹೇಳಿದರು:

"ಉಣ್ಣೋಕೆ ಕರೆದವ್ರ ಕೈಲಿ ಸುಳ್ಳು ಬರೆಸ್ಲಾ? ಆಗಲ್ಲ ಕಣೆ. ಆ ಸುಳ್ಳಿನ ಮೇಲೆ ನನ್ನ ಹೆಸರು ಇರೋದು ಬೇಡ."

ವಿಚಾರಣೆಗೆ ಅವರ ಜೊತೆ ನಾನೂ ಹೋಗಿದ್ದೆ. ಅಧಿಕಾರಿ ಒಳ್ಳೆಯ ಮನುಷ್ಯ. ಸರ್ಕ್ಯೂಟನ್ನು ಮೆಚ್ಚಿಕೊಂಡೇ ಮಾತಾಡಿದರು. ಅವರೇ ಬಾಗಿಲು ತೆರೆದುಕೊಡುವ ಹಾಗೆ ಕೇಳಿದರು, ಆ ಹಾಳೆಗಳನ್ನು ಗುಟ್ಟಾಗಿ ಇಟ್ಟುಕೊಳ್ಳಿ ಎಂದು ಹೇಳಿ ಕೊಟ್ಟಿದ್ದಿರಾ ಅಂತ. ಟೀಚರ್ ಸೀರೆಯ ಸೆರಗು ಸರಿಮಾಡಿಕೊಂಡು, "ಇಲ್ಲ ಸರ್, ಎಲ್ಲರಿಗೂ ಕೊಟ್ಟೆ. ಕೇಳದೇ ಇದ್ದೋರಿಗೂ ಕೊಟ್ಟೆ" ಅಂದರು. ಅಧಿಕಾರಿ ಅದನ್ನು ಹಾಗೇ ಬರೆದುಕೊಂಡರು. ಅರ್ಜಿ ತಿರಸ್ಕಾರವಾಯಿತು.

ವಾಪಸು ಬರುವಾಗ ಮೂಡಿಗೆರೆಯಲ್ಲಿ ಬಸ್ಸಿಳಿದು ಜಾವಳಿಯ ಬಸ್ಸಿಗೆ ಕಾಯುತ್ತ ನಿಂತಿದ್ದೆವು. ಅಲ್ಲಿ ಅವರು ಅತ್ತರು. ಜನರ ಎದುರಿಗೇ, ಮುಖ ಮುಚ್ಚಿಕೊಳ್ಳದೆ. "ಒಂದಾದ್ರೂ ಉಳೀಲಿ ಅಂತ ಆಸೆ ಇತ್ತು ಕಣೆ" ಅಂದರು. ನಾನು ಅವರ ಕೈ ಹಿಡಿದುಕೊಂಡೆ. ಬಸ್ಸು ಬಂತು, ಹತ್ತಿದೆವು. ಮತ್ತೆಂದೂ ಅವರು ಆ ವಿಷಯ ಎತ್ತಲಿಲ್ಲ. ಪೆಟ್ಟಿಗೆ ಮಾತ್ರ ಪ್ರತಿ ಮಳೆಗಾಲ ಗುಡ್ಡದ ಮೇಲೆ ಕೆಲಸ ಮಾಡುತ್ತಲೇ ಇತ್ತು. ನನಗೆ ಈ ಕೆಲಸ ಸಿಕ್ಕಿದ ಸುದ್ದಿ ಹೇಳಿದಾಗ, "ಸುಳ್ಳು ಹೇಳೋರನ್ನ ಬಿಡ್ಬೇಡ" ಎಂದು ನಕ್ಕರು. ಅದಾಗಿ ಕೆಲವು ವರ್ಷಕ್ಕೆ ಅವರಿಗೆ ಕಾಯಿಲೆ ಹಿಡಿಯಿತು. ನಾನು ರಜೆ ಹಾಕಿ ಹೋಗುವಷ್ಟರಲ್ಲಿ…

ಈ ವಾರ ನನ್ನ ಮೇಜಿಗೆ ಒಂದು ಅರ್ಜಿ ಬಂದಿತ್ತು. ಯಾವ ದೇಶದ್ದು, ಯಾರದ್ದು ಎಂದು ನಾನು ಹೇಳಬಾರದು. ಮೆಮೊರಿ ಚಿಪ್ಪಿನಿಂದ ಸಿಗ್ನಲ್ ಕಳಿಸುವ ಮೊದಲು ತಂತಿಯನ್ನು ಪರೀಕ್ಷಿಸಿ, ಅದಕ್ಕೆ ತಕ್ಕಷ್ಟು ಒತ್ತಿ ಕಳಿಸುವ ಸರ್ಕ್ಯೂಟು, ಇದು ಲೋಕದಲ್ಲೇ ಮೊದಲು ಎಂಬ ವಾದ. ತಿರಸ್ಕಾರವಾದ ಅರ್ಜಿಯೂ ಒಮ್ಮೆ ಪ್ರಕಟವಾದರೆ ದಾಖಲೆಯಲ್ಲಿ ಹಾಗೇ ಉಳಿಯುತ್ತದೆ. ಹುಡುಕಿದೆ. ಟೀಚರ ಅರ್ಜಿ ಮೊದಲ ಪುಟದಲ್ಲೇ ಸಿಕ್ಕಿತು. ಇದಕ್ಕಿಂತ ಮೊದಲೇ ಇದನ್ನು ಮಾಡಿದವರಿದ್ದಾರೆ ಎಂದು ನನ್ನ ವರದಿಯಲ್ಲಿ ಬರೆದು, ಟೀಚರ ಪೂರ್ತಿ ಹೆಸರು, ಅಪ್ಪನ ಮನೆಯ ಇನಿಷಿಯಲ್ ಸಮೇತ, ಟೈಪು ಮಾಡಿದೆ.

ಮಧ್ಯಾಹ್ನ ಮಾವನಿಗೆ ಫೋನ್ ಮಾಡಿದೆ. ಅವರಿಗೀಗ ಕಿವಿ ಮಂದ. ಜೋರಾಗಿ, ಮೊದಲಿನಿಂದ ಹೇಳಬೇಕಾಯಿತು.

"ಹಾಗಾದ್ರೆ ಅವಳಿಗೆ ಪೇಟೆಂಟು ಕೊಟ್ರಾ?" ಎಂದು ಕೇಳಿದರು.

"ಇಲ್ಲ ಮಾವ. ಕೊಟ್ಟಿಲ್ಲ. ಅವರೇ ಮೊದ್ಲು ಮಾಡಿದ್ದು ಅಂತ ಬರ್ದಿದೀನಿ, ಅಷ್ಟೇ."

"ಹೆಸರು ಸರಿಯಾಗಿ ಬರ್ದಿದೀಯಾ?"

"ಬರ್ದಿದೀನಿ ಮಾವ."

"ಸಾಕು ಬಿಡು" ಎಂದರು.

ಮಾವನಿಗೆ ಸಾಕಾಯಿತು. ನನಗೆ ಸಾಕಾಗಲಿಲ್ಲ. ಟೀಚರ್ ಇದ್ದು ಇದನ್ನು ಓದಬೇಕಿತ್ತು.