ಆಲದ ಸುತ್ತು, ನಳದ ಸುತ್ತು

ಗೋಳಗುಮ್ಮಟದ ಹತ್ತಿರದ ಓಣಿಯಲ್ಲಿ ನಮ್ಮ ಮನೆ. ಅಡುಗೆಮನೆಯ ನಳ ಇರುವ ಗೋಡೆ ನಮಗೂ ಪಕ್ಕದ ಮನೆಯ ಚಾಚಿಗೂ ಒಂದೇ. ಈ ಕಡೆ ನಾವು ಪಾತ್ರೆ ತೊಳೆಯುತ್ತೇವೆ, ಆ ಕಡೆ ಅವರ ಪಡಸಾಲೆ. ಹಳೆಯ ನಳ ಕೆಟ್ಟಿತೆಂದು ಹೊಸದನ್ನು ಕೂಡಿಸಿದವಳು ನಾನೇ. ಇಷ್ಟಕ್ಕೆಲ್ಲ ಪ್ಲಂಬರ್ ಯಾಕೆ ಎಂಬ ಜಂಬ ನನಗೆ. ಸೊಲ್ಲಾಪುರ ರಸ್ತೆಯ ಅಂಗಡಿಯಲ್ಲಿ ನೀರು ಜಿನುಗದಂತೆ ಸುತ್ತುವ ಬಿಳಿ ಟೇಪಿನ ಸುರುಳಿ ತಂದೆ, ಮೊಬೈಲಿನಲ್ಲಿ ವಿಡಿಯೋ ನೋಡಿ ಅದನ್ನು ನಳದ ಮರೆಗಳ, ಅಂದರೆ ತಿರುಪಿನ ಗೆರೆಗಳ, ಮೇಲೆ ಸುತ್ತಿದೆ, ತಿರುವಿ ಕೂಡಿಸಿದೆ. ನೀರು ಬಿಟ್ಟ ದಿನ ನಳದ ಬುಡ ಜಿನುಗಿ, ಗೋಡೆಯೊಳಗೇ ಇಳಿದು, ಚಾಚಿಯ ಪಡಸಾಲೆಯ ಹೊಸ ಹಸಿರು ಬಣ್ಣದ ಮೇಲೆ ದೊಡ್ಡ ಕಲೆ ಎದ್ದಿತು. ಮಗಳ ನಿಶ್ಚಯಕ್ಕೆಂದು ಬಳಿಸಿದ ಬಣ್ಣ!

ಚಾಚಿ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಮತ್ತೊಮ್ಮೆ ಬಣ್ಣ ಬಳಿಸಿ ನಮ್ಮ ಬಾಗಿಲಿಗೆ ಬಂದರು.

"ನಾಳೆ ಹುಡುಗನ ಕಡಿಯವರು ಬರಾಕತ್ತಾರವಾ. ನಾಳೆನ ನೀರೂ ಬಿಡ್ತಾರ. ಗ್ವಾಡಿ ನಿನ್ನ ಕೈಯಾಗ ಐತಿ ನೋಡು."

ಪ್ಲಂಬರಿಗೆ ಫೋನ್ ಹಚ್ಚಿದೆ. "ತಿಕೋಟಾದಾಗ ಅದೀನ್ರಿ ಅಕ್ಕಾರ, ನಾಡಿದ್ದ ಬರ್ತೀನಿ" ಎಂದ. ಬಬಲೇಶ್ವರದಲ್ಲಿ ನೌಕರಿಯಲ್ಲಿದ್ದ ನನ್ನ ಗಂಡ, "ಸಿಮೆಂಟ್ ಮೆತ್ತಿಬಿಡು" ಎಂದು ಫೋನಿನಲ್ಲೇ ನಕ್ಕರು. ನನಗೆ ಉರಿದು ಹೋಯಿತು. ನಾಳೆಯೊಳಗೆ ಈ ನಳ ಒಂದು ಹನಿಯೂ ಬಿಡಬಾರದು, ಅದನ್ನು ನಾನೇ ಮಾಡಬೇಕು ಎಂದು ಸೆರಗು ಸಿಕ್ಕಿಸಿದೆ.

ನಳ ಬಿಚ್ಚಿ ನೋಡಿದರೆ ಟೇಪೆಲ್ಲ ಮುದ್ದೆಯಾಗಿ ಒಂದು ಬದಿಗೆ ಸರಿದಿತ್ತು. ಅದನ್ನು ಕಿತ್ತು ಮತ್ತೆ ಸುತ್ತತೊಡಗಿದೆ. ಅಲ್ಲೇ ಕಾಳು ಹಸನು ಮಾಡುತ್ತಿದ್ದ ಅತ್ತೆ ನನ್ನ ಕೈಯನ್ನೇ ನೋಡುತ್ತಿದ್ದರು.

ನಾನು ಎಡಚಿ. ನನ್ನ ಎಡಗೈ ಕಂಡರೆ ಅತ್ತೆಗೆ ಮೊದಲಿನಿಂದಲೂ ಆಗದು. ಬಂದವರಿಗೆ ಚಹಾ ಕೊಡುವಾಗ, "ಬಲಗೈಲೆ ಕೊಡು ಬೇ, ಮಂದಿ ನೋಡಾಕತ್ತಾರ" ಎಂದು ಕಿವಿಯಲ್ಲಿ ಗೊಣಗುವುದು ಇದ್ದೇ ಇತ್ತು.

"ಉಲ್ಟಾ ಸುತ್ತಾಕತ್ತಿ" ಎಂದರು.

"ಈಗೂ ನನ್ನ ಎಡಗೈನ ಕಣ್ಣಿಗೆ ಬಿತ್ತೇನ್ರಿ ನಿಮಗ?"

"ಕೈ ಅಲ್ಲ ಬೇ, ದಿಕ್ಕು! ಕಾರಹುಣ್ಣಿವಿಗೆ ಆಲದ ಗಿಡಕ್ಕ ದಾರ ಹ್ಯಾಂಗ ಸುತ್ತತಿ? ಗಿಡ ಬಲಕ್ಕ ಇಟಗೊಂಡು. ಉಪ್ಪಿನಕಾಯಿ ಡಬ್ಬಿ ಮುಚ್ಚಳಾ ಹಾಕೂದೂ ಅದ ಸುತ್ತು. ದಾರ ಒಂದ ಕಡೆ, ಮುಚ್ಚಳಾ ಒಂದ ಕಡೆ ಹೋದ್ರ ಬಿಚ್ಚದ ಇರತೈತೇನು?"

ಸುತ್ತುವುದನ್ನು ನಿಲ್ಲಿಸಿ ವಿಡಿಯೋ ನೆನಪಿಸಿಕೊಂಡೆ. ವಿಡಿಯೋದ ಮನುಷ್ಯ ಬಲಗೈಯವನು. ನಾನು ಕನ್ನಡಿ ನೋಡಿದ ಹಾಗೆ ಅವನನ್ನು ನೋಡಿ ಎಡಗೈಯಿಂದ ಸುತ್ತಿದ್ದೆ, ಸುತ್ತು ತಿರುಗುಮುರುಗಾಗಿತ್ತು. ಬಿಗಿ ಮಾಡಿದಷ್ಟೂ ಟೇಪನ್ನು ನಾನೇ ಬಿಚ್ಚುತ್ತ ಹೋಗಿದ್ದೆ! ಖುಷಿಗೆ ಕೂಗಿಬಿಟ್ಟೆ, ಅತ್ತೆಯ ಮೊರದಲ್ಲಿದ್ದ ಕಾಳು ಚೆಲ್ಲಿದವು.

ಹಳೆಯ ಬ್ರಷ್ಷಿನಿಂದ ಮರೆಗಳ ಸಂದು ತಿಕ್ಕಿ, ಒರೆಸಿ ಒಣಗಿಸಿದೆ. ಮರೆಯ ತುದಿ ಮೇಲೆ ಬರುವಂತೆ ನಳವನ್ನು ಪುಟ್ಟ ಆಲದ ಗಿಡದ ಹಾಗೆ ನೆಟ್ಟಗೆ ಹಿಡಿದೆ. ತುದಿಯ ಒಂದು ಮರೆ ಬಿಟ್ಟು, ಪ್ರದಕ್ಷಿಣೆಯ ದಿಕ್ಕಿನಲ್ಲಿ, ಒಳಗಿನ ಗೆರೆಗಳು ಎದ್ದು ಕಾಣುವಷ್ಟು ಜಗ್ಗಿ ಸುತ್ತಿದೆ. ಎಡಗೈಯಿಂದಲೇ.

ಗೋಡೆಗೆ ಕೂಡಿಸಿ ತಿರುವುತ್ತ ಹೋದರೆ ನಳದ ಬಾಯಿ ಓರೆಯಾಗಿ ನಿಂತಿತು. ಒಂಚೂರು ಹಿಂದಕ್ಕೆ ತಿರುವಿದರೆ ನೇರವಾಗುತ್ತಿತ್ತು. ಕೈ ಆ ಕಡೆಗೆ ಹೋಯಿತು.

"ಪ್ರದಕ್ಷಿಣಿ ಹಾಕೂವಾಗ ಯಾರರ ಹಿಂದಕ ಬರ್ತಾರೇನು?" ಎಂದು ಅತ್ತೆ ಗದರಿದರು.

ಹೌದಲ್ಲ! ಹಿಂದೆ ತಿರುವಿದರೆ ಕೂತ ಟೇಪು ಸಡಿಲಾಗುತ್ತದೆ. ನಳಕ್ಕೆ ಬಟ್ಟೆ ಸುತ್ತಿ, ತಿರುವುವ ಕಬ್ಬಿಣದ ಪಾನಾ ಹಾಕಿ, ಹಲ್ಲು ಕಚ್ಚಿ ಮುಂದಕ್ಕೇ ಒತ್ತಿದೆ. ಬಾಯಿ ನೆಟ್ಟಗಾಯಿತು.

ಮರುದಿನ ಬೆಳಿಗ್ಗೆ ನಳ ಮೊದಲು ಸುಂಯ್ ಎಂದು ಗಾಳಿ ಉಗುಳಿತು. ಆಮೇಲೆ ನೀರು ಬಂತು. ಕೊಡ ತುಂಬಿಸಿ ನಳ ಮುಚ್ಚಿದೆ. ನೀರಿನ ಒತ್ತಡವೆಲ್ಲ ಈಗ ಆ ಸುತ್ತಿನ ಮೇಲೆ. ಗೋಡೆಯ ಆಚೆ ಚಾಚಿ ಅಂಗೈ ಊರಿ ನಿಂತಿದ್ದರು.

"ಹಸಿ ಆಗೈತೇನ್ರಿ ಚಾಚಿ?" ಎಂದು ಕೂಗಿದೆ.

"ಇಲ್ಲವಾ, ಒಣಾ ಐತಿ!"

ಅತ್ತೆ ಸೆರಗಿನ ಚುಂಗನ್ನು ನಳದ ಬುಡದ ಸುತ್ತ ಆಡಿಸಿ, ಕಣ್ಣ ಹತ್ತಿರ ಹಿಡಿದು ನೋಡಿದರು. ಒಂದು ಹನಿ ಇರಲಿಲ್ಲ. ನನಗೆ ಕುಣಿಯಬೇಕೆನಿಸಿತು, ಕುಣಿದೆ ಕೂಡ.

ಮಧ್ಯಾಹ್ನ ಚಾಚಿಯ ಮನೆಗೆ ಬೀಗರು ಬಂದರು. ಚಾಚಿ ಅತ್ತೆಯನ್ನೂ, ಶರಬತ್ತು ಕೊಡಲು ನನ್ನನ್ನೂ ಕರೆದಿದ್ದರು. ಹುಡುಗನ ಅಜ್ಜಿ ಸರಿಯಾಗಿ ಅದೇ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು. ನಾನು ಅವರ ಮುಂದೆ ಲೋಟ ಚಾಚಿದ ಮೇಲಷ್ಟೇ ಯಾವ ಕೈ ಎಂದು ನನಗೆ ಹೊಳೆದದ್ದು. ಗಡಬಡಿಸಿ ಕೈ ಬದಲಿಸಲು ಹೋದೆ. ಅತ್ತೆ ನನ್ನ ತೋಳು ಹಿಡಿದು ತಡೆದರು.

"ಇರಲಿ ಬಿಡು" ಎಂದು ಅಜ್ಜಿಯ ಕಡೆ ತಿರುಗಿದರು. "ನಿಮ್ಮ ಬೆನ್ನಿನ ಹಿಂದ ನಳಾ ಐತ್ರಿ. ಗ್ವಾಡಿ ಒಣಾ ಐತಿಲ್ರಿ? ನಮ್ಮ ಸೊಸಿ ಕೂಡಿಸ್ಯಾಳ, ಇದ ಕೈಲೆ."

ಮಂದಿಯೆಲ್ಲ ನೋಡುತ್ತಿದ್ದರು.