ಅಲಿವೇಲು ಹಚ್ಚಿ ಹೋದ ಹಾಸು

ನನ್ನ ತಂಗಿ ಅಲಿವೇಲು ಬಸ್ಸಿಗೆ ಕೈ ತೋರಿಸುತ್ತಿರಲಿಲ್ಲ. ರಸ್ತೆಯ ನಡುವೆ ಹೋಗಿ ನಿಂತುಬಿಡುತ್ತಿದ್ದಳು. ಪರಿಗಿ ಕಡೆಯಿಂದ ಹಿಂದೂಪುರಕ್ಕೆ ಹೋಗುವ ಬಸ್ಸು ತುಂಬಿದ್ದರೆ ನಮ್ಮೂರಲ್ಲಿ ನಿಲ್ಲುವುದು ಅಪರೂಪ. ಅವಳು ನಿಂತರೆ ನಿಲ್ಲಲೇಬೇಕು. ಡ್ರೈವರು ತಲೆ ಹೊರಗೆ ಹಾಕಿ, "ಚಾವಾಲನಿ ಉಂದಾ ನೀಕು?" ಎಂದು ಬೈಯುತ್ತಿದ್ದ. ಇವಳು ಮೆಟ್ಟಿಲು ಹತ್ತುತ್ತಾ, "ಸಾಯೋಕಲ್ಲಣ್ಣ, ಸ್ಕೂಲಿಗೆ ಹೋಗೋಕೆ ನಿಂತಿದ್ದೆ" ಎನ್ನುತ್ತಿದ್ದಳು. ಅವಳ ಹಿಂದೆ ಉಳಿದ ಹುಡುಗಿಯರೆಲ್ಲ ಹತ್ತುತ್ತಿದ್ದರು.

ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ಅಮ್ಮ ತೀರಿಕೊಂಡಾಗ ಅಲಿವೇಲು ಇನ್ನೂ ನಡೆಯಲು ಕಲಿಯುತ್ತಿದ್ದಳು, ನಾನು ಐದನೇ ಕ್ಲಾಸಿನಲ್ಲಿದ್ದೆ. ಅಲ್ಲಿಗೇ ನನ್ನ ಓದು ನಿಂತಿತು. ಅಮ್ಮ ಮಾಡುತ್ತಿದ್ದ ಎಳೆ ಹಚ್ಚುವ ಕೆಲಸ ನನ್ನ ಪಾಲಿಗೆ ಬಂತು. ಮಗ್ಗದಲ್ಲಿ ಒಂದು ಹಾಸು, ಅಂದರೆ ಸೀರೆಯ ಉದ್ದಕ್ಕೆ ಹಾಯುವ ಎಳೆಗಳು, ಮುಗಿದಾಗ ಅದರ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಸೇರಿಸಬೇಕು. ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಎರಡು ಎಳೆಯನ್ನೂ ಕೂಡಿಸಿ ಒಂದು ಸಲ ಹೊಸೆದು ಬಿಡುವುದು, ಮುಂದಿನದು ಹಿಡಿಯುವುದು. ಸಾವಿರಾರು ಎಳೆ. ಒಬ್ಬರ ಹೊಸೆತ ಬಿಗಿ, ಇನ್ನೊಬ್ಬರದು ಸಡಿಲ. ನಡುವೆ ಕೈ ಬದಲಾದರೆ ಹಾಸನ್ನು ಎಳೆಯುವಾಗ ಅಲ್ಲೇ ಬಿಚ್ಚಿಕೊಳ್ಳುತ್ತದೆ ಎಂದು ನಮ್ಮ ಕಡೆ ನಂಬಿಕೆ. ಅದಕ್ಕೇ ಶುರು ಮಾಡಿದ ಕೈಯೇ ಮುಗಿಸಬೇಕು.

ಅಲಿವೇಲುವಿಗೆ ಆ ಕೆಲಸ ಕಲಿಸಿದವಳು ನಾನು. ಅವಳನ್ನು ಮಡಿಲಲ್ಲಿ ಕೂರಿಸಿಕೊಂಡು, ಅವಳ ಬೆರಳನ್ನು ನನ್ನ ಬೆರಳಲ್ಲಿ ಹಿಡಿದು ಕಲಿಸಿದೆ. ಅವಳ ಹೊಸೆತ ನನ್ನದೇ ಹೊಸೆತ. ಆಟಕ್ಕೆಂದು ಎಷ್ಟೋ ಸಲ ಅವಳ ಸಾಲಿನ ನಡುವೆ ನಾನು ಹಚ್ಚಿದ್ದೇನೆ. ಒಂದು ಎಳೆಯೂ ಬಿಟ್ಟಿರಲಿಲ್ಲ. ಇದು ನಮ್ಮಿಬ್ಬರಿಗೆ ಮಾತ್ರ ಗೊತ್ತು.

ಅವಳು ಓದಿದ್ದು ಕನ್ನಡ ಮೀಡಿಯಂ. ಅವಳದೇ ಆ ಶಾಲೆಯ ಕಡೆಯ ಕನ್ನಡ ಹತ್ತನೇ ಕ್ಲಾಸು. ಮುಂದಿನ ವರ್ಷಕ್ಕೆ ಮಕ್ಕಳಿಲ್ಲ. ಅರಳಿಕಟ್ಟೆಯ ಮೇಲೆ ಕೂತ ಒಬ್ಬ ಹಿರಿಯರು, "ಆಂಧ್ರದಾಗೆ ಕನ್ನಡ ಓದಿ ಏನ್ ಮಾಡ್ತೀಯಮ್ಮ?" ಎಂದು ಕೆಣಕಿದರು.

"ನೀವು ತೆಲುಗು ಓದಿ ಏನ್ ಮಾಡುದ್ರಿ ಮಾವ? ಅದುನ್ನ ಮೊದ್ಲು ಹೇಳಿ" ಎಂದಳು. ಆತ ಅಲ್ಲಿಂದ ಏಳುವವರೆಗೂ ಉತ್ತರಕ್ಕೆ ಕಾದು ನಿಂತಿದ್ದಳು.

ರಿಸಲ್ಟ್ ಬಂದ ದಿನ ಶಾಲೆಗೆ ನಾನೂ ಹೋಗಿದ್ದೆ. ಹೆಡ್ಮಾಷ್ಟ್ರು ಫೋನು ನೋಡಿ ಒಬ್ಬೊಬ್ಬರದೇ ಹೇಳುತ್ತಿದ್ದರು. ಪಾಸಾದವರದು ಗಟ್ಟಿಯಾಗಿ, ಫೇಲಾದವರದು ಕಿವಿಯಲ್ಲಿ. ಅಲಿವೇಲು ಸುಮ್ಮನಿರಲಿಲ್ಲ. "ಸಾ, ಜೋರಾಗೇ ಹೇಳಿ. ಫೇಲಾದೋರು ಏನೂ ಕದ್ದಿಲ್ಲ" ಎಂದಳು. ರಾಮಾಂಜಿ ಎಂಬ ಹುಡುಗ ಲೆಕ್ಕದಲ್ಲಿ ಹೋಗಿ ನೀರಿನ ಟ್ಯಾಂಕಿನ ಹಿಂದೆ ಅವಿತಿದ್ದ. "ಬಾ ಕಣ್ಲಾ ಈಚೆಗೆ. ಹೋಗಿರೋದು ಲೆಕ್ಕ, ಪ್ರಾಣ ಅಲ್ಲ. ಸಪ್ಲಿಮೆಂಟರಿ ಐತೆ" ಎಂದು ಕಾಲರು ಹಿಡಿದು ಎಳೆದು ತಂದಳು. ಕ್ಲಾಸಿಗೇ ಫಸ್ಟ್ ಬಂದವಳು ಅವಳು. ತನ್ನ ಮಾರ್ಕ್ಸ್ ಕೇಳಿ ತಲೆ ಆಡಿಸಿದಳು, ಅಷ್ಟೆ.

ಆಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, "ಮುಂದೇನು?" ಎಂದು ಕೇಳಿದಳು. "ಮನೇಲಿರ್ತೀನಿ" ಎನ್ನುವ ಉತ್ತರವನ್ನು ಅವಳು ಒಪ್ಪುತ್ತಿರಲಿಲ್ಲ. "ಕನ್ನಡ ಕ್ಲಾಸು ಮುಗೀತು ಅಂತ ನಾವೂ ಮುಗುದ್ಬುಡಬೇಕಾ?" ಅವಳ ಕ್ಲಾಸಿನ ನಾಗವೇಣಿ, ಮುಬೀನಾ ಇಬ್ಬರನ್ನೂ ಮನೆಯವರು ಓದು ಬಿಡಿಸಿ ನಿಲ್ಲಿಸಲಿದ್ದರು. ಇವಳು ಅವರ ಮನೆಗಳಿಗೆ ಹೋಗಿ ನಡುಮನೆಯಲ್ಲಿ ಕೂತಳಂತೆ. "ನೀವು ಹೂಂ ಅನ್ನೋವರ್ಗೂ ನಾನ್ ಏಳಲ್ಲ. ಊಟದ್ ಹೊತ್ತಾದ್ರೆ ನನ್ಗೂ ಒಂದ್ ತಟ್ಟೆ ಇಕ್ಕಿ." ಎರಡು ಮನೆಯಲ್ಲೂ ಊಟ ಮಾಡಿಕೊಂಡು, ಹೂಂ ಅನ್ನಿಸಿಕೊಂಡೇ ಬಂದಳು.

ಅವಳ ಆಸೆಯಿದ್ದದ್ದು ಕಲ್ಯಾಣದುರ್ಗದ ಹೆಣ್ಣುಮಕ್ಕಳ ವಸತಿ ಕಾಲೇಜಿನ ಮೇಲೆ. ಹಿಂದೂಪುರದಲ್ಲಿ ಓದಿದರೆ ಸಂಜೆ ಮನೆಗೆ ಬರಬೇಕು, ಬಂದರೆ ಹಾಸು ಕಾಯುತ್ತಿರುತ್ತದೆ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಒಂದು ಬೆಳಿಗ್ಗೆ ಹೆಡ್ಮಾಷ್ಟ್ರು ಫೋನು ಮಾಡಿದರು. ಆ ಕಾಲೇಜಿನಲ್ಲಿ ಉಳಿದಿರುವ ಸೀಟುಗಳನ್ನು ಇವತ್ತೇ, ಮೊದಲು ಬಂದವರಿಗೆ ಕೊಡುತ್ತಾರೆ, ಮೂವರೂ ಈಗಲೇ ಹೊರಡಿ ಎಂದರು. ನಾಗವೇಣಿ, ಮುಬೀನಾ ಚೀಲ ಹಿಡಿದು ನಮ್ಮ ಬಾಗಿಲಿಗೆ ಬಂದರು. ಆದರೆ ಅಲಿವೇಲು ಹಿಂದಿನ ಸಂಜೆ ಒಂದು ಹಾಸು ಹಚ್ಚಲು ಕೂತಿದ್ದಳು. ಮದುವೆ ಸೀರೆಗಳ ಹಾಸು. ಅರ್ಧ ಆಗಿತ್ತು.

"ಕೈ ಬದಲಾಗಂಗಿಲ್ಲವಲ್ಲಮ್ಮ" ಎಂದರು ಅಪ್ಪ. ಆಮೇಲೆ ನನ್ನ ಕಡೆ ತಿರುಗಿ, "ನಿನ್ ಕೈ ಹೊಂದ್ತದಾ ರತ್ನ?" ಎಂದು ಕೇಳಿದರು.

"ಇಲ್ಲಪ್ಪ. ನಂದು ಸಡ್ಲ" ಎಂದೆ.

ಯಾಕೆ ಹಾಗೆಂದೆ ಎಂದು ಬಹಳ ಸಲ ಕೇಳಿಕೊಂಡಿದ್ದೇನೆ. ಸುತ್ತಿ ಬಳಸಿ ಹೇಳುವುದಿಲ್ಲ. ಅವಳೂ ಹೋದರೆ ಆ ಮಗ್ಗದ ಮುಂದೆ ನಾನೊಬ್ಬಳೇ ಉಳಿಯುತ್ತೇನೆ ಅನ್ನಿಸಿತು. ಶಾಲೆಯಲ್ಲಿ ಅವಳು ಎಲ್ಲರನ್ನೂ ಮುಂದೇನು ಎಂದು ಕೇಳಿದಾಗ ನಾನು ಕಾಂಪೌಂಡಿನ ಪಕ್ಕದಲ್ಲಿ ನಿಂತಿದ್ದೆ. ಆ ಮಾತನ್ನು ನನಗೆ ಯಾವತ್ತೂ ಯಾರೂ ಕೇಳಿರಲಿಲ್ಲ. ನನ್ನನ್ನು ನಿಲ್ಲಿಸಿದ ಕೆಲಸ ಅವಳನ್ನೂ ಒಂದು ದಿನ ನಿಲ್ಲಿಸಲಿ ಎಂದು ಹೊಟ್ಟೆಕಿಚ್ಚುಪಟ್ಟೆ.

"ಸುಳ್ಳು ಹೇಳ್ತಾವಳೆ" ಎಂದಳು ಅಲಿವೇಲು. ಅಪ್ಪ ಹಿರಿಯವಳ ಮಾತು ನಂಬಿದರು. ಅವಳು ಅಳಲಿಲ್ಲ. ಗೆಳತಿಯರಿಗೆ, "ನೀವು ನಡೀರಿ, ನಾನು ಹಿಂದಿನ್ ಬಸ್ಸಿಗೆ ಬತ್ತೀನಿ" ಎಂದು ಹೇಳಿ ಹಾಸಿನ ಮುಂದೆ ಕೂತಳು. "ಎದ್ದು ಹೋಗ್ಬೋದು ನಾನು. ಆದ್ರೆ ಅರ್ಧಕ್ಕೆ ಬಿಟ್ಟೋದ್ಲು ಅನ್ನೋ ಮಾತು ನಿನ್ಗೆ ಸಿಗಬಾರ್ದು ಅಕ್ಕ."

ಅಷ್ಟು ವೇಗವಾಗಿ ಯಾರೂ ಎಳೆ ಹಚ್ಚಿದ್ದನ್ನು ನಾನು ನೋಡಿಲ್ಲ. ಎದುರಿಗೆ ಕೂತು ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ಬಾಯಿ ಬಿಡಲು ಒಂದೊಂದು ಎಳೆಗೂ ಅವಕಾಶವಿತ್ತು. ಬಿಡಲಿಲ್ಲ. ಹೊತ್ತು ನೆತ್ತಿ ದಾಟಿದ ಮೇಲೆ ಮುಗಿಸಿ, ಬೂದಿ ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಉಣ್ಣದೆ ಹೊರಟಳು.

ಹಿಂದೂಪುರದಲ್ಲಿ ಬಸ್ಸು ಬದಲಿಸಿ ಅವಳು ಕಲ್ಯಾಣದುರ್ಗ ಮುಟ್ಟುವಷ್ಟರಲ್ಲಿ ಸೀಟುಗಳು ಮುಗಿದಿದ್ದವು. ಮನೆಯವರ ಬಾಯಿಂದ ಅವಳು ಹೂಂ ಅನ್ನಿಸಿದ್ದ ಇಬ್ಬರಿಗೂ ಸಿಕ್ಕಿತು. ಅವಳಿಗೆ ಸಿಗಲಿಲ್ಲ. ಮನೆಗೆ ವಾಪಸಾಗಲಿಲ್ಲ. ನಾಗವೇಣಿಯ ಸೋದರತ್ತೆ, ಕುಂದುರ್ಪಿ ಕಡೆಯವರು, ಕಲ್ಯಾಣದುರ್ಗದಲ್ಲಿ ಇಡ್ಲಿ ಅಂಗಡಿ ಇಟ್ಟಿದ್ದಾರೆ. ಅವರ ಮನೆಯಲ್ಲಿ ಉಳಿದು, ಹಿಟ್ಟು ರುಬ್ಬಿಕೊಟ್ಟು, ಅಲ್ಲಿನ ಬೇರೊಂದು ಕಾಲೇಜಿಗೆ ಸೇರಿದಳು. ತೆಲುಗು ಮೀಡಿಯಂ. ಅಪ್ಪ ಫೋನು ಮಾಡಿ, "ಯಾರನ್ ಕೇಳಿ ಸೇರ್ದೆ?" ಎಂದರು. "ಕೇಳ್ದಾಗ ಏನಾಯ್ತು ಅಂತ ನೋಡುದ್ನಲ್ಲಪ್ಪ" ಎಂದಳಂತೆ.

ಅವಳು ಹಚ್ಚಿ ಹೋದ ಹಾಸಿನಲ್ಲಿ ಒಂದು ಎಳೆಯೂ ಬಿಚ್ಚಲಿಲ್ಲ. ಆ ಸೀರೆಗಳು ಮಗ್ಗದಿಂದ ಇಳಿದ ದಿನ ಅಪ್ಪನಿಗೆ ನಿಜ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅಪ್ಪ ಲಾಳಿಯನ್ನು ಕೆಳಗಿಟ್ಟು, "ನೀನು ಹೂಂ ಅಂದಿದ್ರೆ ಕಳುಸ್ತಿದ್ದೆ ಕಣಮ್ಮ" ಎಂದರು.

ನಾನು ಕಲ್ಯಾಣದುರ್ಗಕ್ಕೆ ಹೋದೆ. ಕಾಲೇಜಿನ ಗೇಟಿಗೆ ಅವಳನ್ನು ಕರೆಸಿದೆ. ಬಡವಾಗಿದ್ದಳು, ಆದರೆ ನಿಲುವು ಅದೇ. ಸುಳ್ಳು ಹೇಳಿದ್ದು ಯಾಕೆಂದು ಎಲ್ಲ ಹೇಳಿದೆ. ಮನೆಗೆ ಬಾ, ಹಿಂದೂಪುರದಲ್ಲೇ ಓದು, ಇನ್ನು ಮೇಲೆ ಎಳೆ ನಾನೊಬ್ಬಳೇ ಹಚ್ಚುತ್ತೇನೆ, ನಿನ್ನನ್ನು ಕೂರಿಸುವುದಿಲ್ಲ ಎಂದೆ.

"ನೀನು ಕಳುಸ್ತೀಯ ಅಂತ ನಾನು ಓದೋಳಲ್ಲ" ಎಂದಳು.

"ನಾನು ಮಾಡಿದ್ದು ತಪ್ಪು ಕಣೇ. ಆ ಸಿಟ್ಟಿಗೇ ನೀನು ಇಷ್ಟು ಕಷ್ಟ ಬಿದ್ದು..."

"ಸಿಟ್ಟೈತೆ. ಹೋಗೋದೂ ಇಲ್ಲ. ಆದ್ರೆ ಆ ಸಿಟ್ಟಿಗೆ ಓದ್ತಾವಳೆ ಅಂತ ಊರಲ್ಲಿ ಹೇಳ್ಕೊಂಡು ತಿರುಗಬ್ಯಾಡ. ಮೊದ್ಲಿಂದ್ಲೂ ನಾನು ಚೆನ್ನಾಗೇ ಓದ್ತಿದ್ದೆ."

ನನ್ನ ತಪ್ಪಿಗೆ ಅಷ್ಟು ದೊಡ್ಡ ಜಾಗವನ್ನೂ ಅವಳು ಬಿಟ್ಟುಕೊಡಲಿಲ್ಲ. "ಪ್ರಾಕ್ಟಿಕಲ್ ಐತೆ, ಹೋಯ್ತೀನಿ" ಎಂದು ತಿರುಗಿ ನಡೆದಳು. ಆಮೇಲೆ ನಾನು ಅವಳನ್ನು ನೋಡಿಲ್ಲ.

ಅವತ್ತು ನಾನಿನ್ನೂ ಅಲ್ಲೇ ನಿಂತಿದ್ದುದನ್ನು ಕಂಡು ಗೇಟಿನವನು, ಯಾರು ಬೇಕಿತ್ತು ಎಂದು ತೆಲುಗಿನಲ್ಲಿ ಕೇಳಿದ. ಬೇಕಾದವಳು ಕ್ಲಾಸಿಗೆ ಹೋದಳು ಎಂದೆ.